ತಗಡಿನ ಲೋಟ, ಪೆಪ್ಪರ್‌ಮಿಂಟ್ ಕಡ್ಡಿ, ಒಂದು ಪೆನ್ನಿ



ಅಮೆರಿಕದ ಮಕ್ಕಳ ಸಾಹಿತ್ಯದಲ್ಲಿ ಕ್ರಿಸ್‌ಮಸ್ ಹಬ್ಬದ ವರ್ಣನೆಗಳಿಗೆ ಬರವಿಲ್ಲ. ದೀಪಗಳಿಂದ ಸಿಂಗರಿಸಿದ ಮರ, ಅದರಡಿಯಲ್ಲಿ ರಾಶಿ ಬಿದ್ದ ಉಡುಗೊರೆಗಳು, ಮೇಜಿನ ತುಂಬ ತಿಂಡಿ, ಕಿಟಕಿಯಾಚೆ ಹಿಮ. ಇದು ಮಾಮೂಲು ಚಿತ್ರ. ಆದರೆ ಆ ದೇಶದ ಓದುಗರು ತಲೆಮಾರುಗಳಿಂದ ಬಾಯಿಪಾಠವೆಂಬಂತೆ ನೆನಪಿಟ್ಟುಕೊಂಡಿರುವ ಒಂದು ಕ್ರಿಸ್‌ಮಸ್ಸಿನಲ್ಲಿ ಮರವಿಲ್ಲ, ದೀಪವಿಲ್ಲ, ಹಿಮವೂ ಇಲ್ಲ. ಬರೀ ಮಳೆ, ಉಕ್ಕಿ ಹರಿಯುವ ಒಂದು ಹೊಳೆ, ಹೊಳೆಯಾಚೆ ಒಂದು ಮರದ ದಿಮ್ಮಿಗಳ ಗುಡಿಸಲು. ಆ ಗುಡಿಸಲಿನ ಇಬ್ಬರು ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ತಲಾ ಒಂದು ತಗಡಿನ ಲೋಟ, ಒಂದು ಪೆಪ್ಪರ್‌ಮಿಂಟ್ ಕಡ್ಡಿ, ಅಂಗೈಯಗಲದ ಒಂದು ಕೇಕು ಮತ್ತು ಒಂದು ಪೆನ್ನಿ. ಇಷ್ಟೇ.

ಇದು ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ ಪುಸ್ತಕದಲ್ಲಿ ಬರುವ ಪ್ರಸಂಗ. ‘ಪ್ರೇರಿ’ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲಾಗಿರುವ ಬಯಲು ಸೀಮೆ. 1935ರಲ್ಲಿ ಪ್ರಕಟವಾದ ಈ ಪುಸ್ತಕ ಒಂದು ಮಾಲೆಗೆ ಸೇರಿದ್ದು. 1932ರಿಂದ 1943ರವರೆಗೆ ಈ ಮಾಲೆಯಲ್ಲಿ ಎಂಟು ಪುಸ್ತಕಗಳು ಬಂದವು. ಹಲವಾರು ಭಾಷೆಗಳಿಗೆ ಹೋದವು, ಕನ್ನಡಕ್ಕೂ ಬಂದವು. 1974ರಿಂದ 1983ರವರೆಗೆ ಅದೇ ಹೆಸರಿನ ಟೆಲಿವಿಷನ್ ಧಾರಾವಾಹಿ ನಡೆದು ಪುಸ್ತಕ ಓದದವರಿಗೂ ಆ ಕುಟುಂಬದ ಪರಿಚಯವಾಯಿತು. ಅಪ್ಪ ಚಾರ್ಲ್ಸ್, ಅಮ್ಮ ಕ್ಯಾರೊಲಿನ್, ದೊಡ್ಡವಳು ಮೇರಿ, ಎರಡನೆಯವಳು ಲಾರಾ, ಆಮೇಲೆ ಕ್ಯಾರಿ. ಎತ್ತ ಹೋದರೂ ಕೈಗೆ ಹತ್ತದ ಬೇಸಾಯ, ಎಂದೂ ತೀರದ ಸಾಲ, ಅಪ್ಪನ ಪಿಟೀಲು. ಇವು ಆ ಸಂಸಾರದ ಸ್ಥಿರ ಚರಾಸ್ತಿಗಳು.

ಪ್ರಸಂಗ ಹೀಗಿದೆ. ಹಬ್ಬ ಹತ್ತಿರ ಬಂದಿದೆ. ಹಿಮ ಬಿದ್ದಿಲ್ಲವಾದ್ದರಿಂದ ಸಾಂತಾಕ್ಲಾಸನ ಜಾರುಬಂಡಿ ಬರುವುದು ಹೇಗೆ ಎಂದು ಮಕ್ಕಳಿಗೆ ಚಿಂತೆ. ಹೊಳೆ ತುಂಬಿ ಭೋರ್ಗರೆಯುತ್ತಿದೆ. ಆಚೆ ದಡದ ನೆರೆಯವನಾದ ಎಡ್ವರ್ಡ್ಸ್ ಎಂಬ ಒಂಟಿ ಗಂಡಸು ಊಟಕ್ಕೆ ಬರಬೇಕಾಗಿತ್ತು, ಅವನೂ ಬರಲಾರ. ಅಪ್ಪ ಹೇಗೋ ಒಂದು ಟರ್ಕಿ ಕೋಳಿ ಹೊಡೆದು ತಂದಿದ್ದಾನೆ. ಅಮ್ಮ ಏನೂ ಆಗದವಳಂತೆ ಮಕ್ಕಳ ಕಾಲುಚೀಲಗಳನ್ನು ತೂಗುಹಾಕುತ್ತಾಳೆ. ಬೆಳಗಿನ ಜಾವ ಬಾಗಿಲು ತೆರೆದರೆ ಚಳಿಗೆ ನಡುಗುತ್ತಿರುವ ಎಡ್ವರ್ಡ್ಸ್! ಬಟ್ಟೆಗಳನ್ನು ಗಂಟುಕಟ್ಟಿ ತಲೆಯ ಮೇಲಿಟ್ಟುಕೊಂಡು ಆ ಪ್ರವಾಹದಲ್ಲಿ ಈಜಿ ಬಂದಿದ್ದಾನೆ. ಇಂಡಿಪೆಂಡೆನ್ಸ್ ಪಟ್ಟಣದ ಬೀದಿಯಲ್ಲಿ ತನಗೆ ಸಾಂತಾಕ್ಲಾಸ್ ಸಿಕ್ಕಿದನೆಂದೂ, ಹಿಮವಿಲ್ಲದ್ದರಿಂದ ಅವನು ಹೇಸರಗತ್ತೆಯ ಮೇಲೆ ಹೊರೆ ಹೇರಿಕೊಂಡು ಬಂದಿದ್ದನೆಂದೂ, ವಯಸ್ಸಾಗಿ ಮೈ ಬಂದಿರುವುದರಿಂದ ಹೊಳೆ ದಾಟಲಾರದೆ ಈ ಮಕ್ಕಳ ಪಾಲನ್ನು ತನ್ನ ಕೈಯಲ್ಲಿ ಕೊಟ್ಟನೆಂದೂ ಅವನು ಗಂಭೀರವಾಗಿ ವರದಿ ಒಪ್ಪಿಸುತ್ತಾನೆ. ಮಕ್ಕಳು ಕಣ್ಣುಮುಚ್ಚಿಕೊಂಡು ಕಿವಿ ತೆರೆದುಕೊಂಡು ಹಾಸಿಗೆಯಲ್ಲಿ ಮಲಗಿದ್ದಾರೆ.

ಅಲ್ಲಿಂದ ಮುಂದೆ ಲೇಖಕಿ ಅವಸರ ಮಾಡುವುದಿಲ್ಲ. ಒಂದೊಂದೇ ವಸ್ತು ಕಾಲುಚೀಲದಿಂದ ಹೊರಬರುತ್ತದೆ. ಮೊದಲು ಥಳಥಳಿಸುವ ಹೊಸ ಲೋಟ. ಅಲ್ಲಿಯವರೆಗೆ ಅಕ್ಕತಂಗಿಯರಿಗೆ ಸ್ವಂತದ್ದೊಂದು ಲೋಟ ಇರಲಿಲ್ಲ ಎಂಬುದು ಓದುಗನಿಗೆ ಹೊಳೆಯುವುದೇ ಆಗ. ಆಮೇಲೆ ಕೆಂಪು ಬಿಳಿ ಪಟ್ಟೆಯ ಉದ್ದನೆಯ ಪೆಪ್ಪರ್‌ಮಿಂಟ್ ಕಡ್ಡಿ. ಲಾರಾ ಒಮ್ಮೆ ನೆಕ್ಕುತ್ತಾಳೆ. ಮೇರಿ ಅಷ್ಟು ಆತುರದವಳಲ್ಲ. ಆಮೇಲೆ ಹೃದಯದಾಕಾರದ ಪುಟ್ಟ ಕೇಕು, ಅದರ ಮೇಲೆ ಉದುರಿಸಿದ ಬಿಳಿ ಸಕ್ಕರೆ. ತಿನ್ನಲು ಮನಸ್ಸು ಬಾರದು, ತಿನ್ನದಿರಲೂ ಆಗದು. ಲಾರಾ ಅದನ್ನು ಮಗುಚಿ, ಯಾರಿಗೂ ಕಾಣದಂತೆ ಅಡಿಭಾಗದಿಂದ ಒಂದು ಚೂರು ಕಚ್ಚುತ್ತಾಳೆ. ಬಡತನದಲ್ಲಿ ಬೆಳೆದವರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲುಚೀಲ ಖಾಲಿಯಾಯಿತು ಎಂದುಕೊಂಡಾಗ, ಇನ್ನೊಮ್ಮೆ ಕೈಹಾಕಿ ನೋಡಿ ಎನ್ನುತ್ತಾರೆ ದೊಡ್ಡವರು. ತುದಿಯಲ್ಲಿ ಒಂದು ಹೊಸ ಪೆನ್ನಿ. ತಮಗೂ ಒಂದು ನಾಣ್ಯ ಇರಬಹುದೆಂದು ಆ ಮಕ್ಕಳು ಎಂದೂ ಎಣಿಸಿರಲಿಲ್ಲ. ಕೊನೆಗೆ ಎಡ್ವರ್ಡ್ಸ್ ತನ್ನ ಜೇಬುಗಳಿಂದ ಗೆಣಸು ತೆಗೆಯುತ್ತಾನೆ. ಎಷ್ಟು? ಒಂಬತ್ತು. ಅರುವತ್ತು ವರ್ಷಗಳ ಮೇಲೂ ಆ ಲೆಕ್ಕ ತಪ್ಪುವುದಿಲ್ಲ.

ಇಲ್ಲಿ ಒಂದೆರಡು ಪದಗಳ ಬಗ್ಗೆ ಹೇಳಬೇಕು. ‘ಪೆಪ್ಪರ್‌ಮಿಂಟು’ ಎಂಬುದು ಕನ್ನಡದಲ್ಲಿ ಪುದೀನದ ಜಾತಿಯ ಆ ಸಸ್ಯದ ಹೆಸರಾಗಿ ಉಳಿದಿಲ್ಲ. ಗಾಜಿನ ಬರಣಿಯಲ್ಲಿಟ್ಟು ಬಿಡಿಯಾಗಿ ಮಾರುವ ಎಲ್ಲ ಸಕ್ಕರೆ ಗೋಲಿಗಳಿಗೂ ನಮ್ಮ ಹಳ್ಳಿಯ ಅಂಗಡಿಗಳಲ್ಲಿ ‘ಪೆಪ್ಪರಮೆಂಟು’ ಎಂದೇ ಹೆಸರು. ಅಮೆರಿಕದ ಗಡಿನಾಡಿನ ಅಂಗಡಿಗಳಲ್ಲೂ ಅದು ಮಕ್ಕಳಿಗೆಂದು ಕೊಳ್ಳಬಹುದಾಗಿದ್ದ ತೀರ ಅಗ್ಗದ ಸಾಮಾನು. ಬಿಳಿ ಸಕ್ಕರೆಯ ವಿಷಯ ಬೇರೆ. ಇಂಗಲ್ಸ್ ಸಂಸಾರದ ದಿನನಿತ್ಯದ ಊಟ ಗೋವಿನಜೋಳದ ಹಿಟ್ಟಿನ ರೊಟ್ಟಿ, ಬೇಟೆಯ ಮಾಂಸ, ಕಾಕಂಬಿ. ಪೇಟೆಯಿಂದ ಬಂದ ಬಿಳಿ ಸಕ್ಕರೆಯನ್ನು ಅಮ್ಮ ಅತಿಥಿಗಳಿಗೆಂದು ಕಟ್ಟಿಡುತ್ತಾಳೆ. ಮನೆಮಂದಿಗೆ ಬೆಲ್ಲದ ಕಾಫಿ, ಬಂದವರಿಗೆ ಸಕ್ಕರೆ ಕಾಫಿ ಎಂಬ ನಿಯಮದಲ್ಲಿ ಬೆಳೆದ ನಮ್ಮವರಿಗೆ ಆ ಕೇಕಿನ ಮೇಲಿನ ನಾಲ್ಕು ಹರಳಿನ ಬೆಲೆ ತಟ್ಟನೆ ಅರ್ಥವಾದೀತು. ಗೋಧಿಯ ಬಿಳಿಹಿಟ್ಟು, ಬಿಳಿ ಸಕ್ಕರೆ, ಇವೆರಡೂ ಸೇರಿದ ತಿಂಡಿಯನ್ನು ಮಗುವಿನ ಕೈಗಿಟ್ಟರೆ, ಈ ಹೊತ್ತು ನೀನೇ ಅತಿಥಿ ಎಂದಂತೆ.

ಈ ನೆನಪು ಎಷ್ಟು ನಿಜ? ಮಾಲೆಯ ಓದುಗರು ಬಹಳ ಕಾಲ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ಲೇಖಕಿ ತಮ್ಮ ಬಾಲ್ಯವನ್ನು ಬರೆದಿದ್ದಾರೆ, ಹೆಸರುಗಳೂ ನಿಜದವೇ, ಆದ್ದರಿಂದ ಎಲ್ಲವೂ ನಡೆದದ್ದೇ ಎಂದು ನಂಬಿದ್ದರು. ದಾಖಲೆಗಳನ್ನು ತೆಗೆದು ನೋಡಿದವರಿಗೆ ಬೇರೆ ಲೆಕ್ಕ ಸಿಕ್ಕಿತು. ಲಾರಾ ಹುಟ್ಟಿದ್ದು 1867ರ ಫೆಬ್ರುವರಿ 7ರಂದು, ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಎಂಬ ಊರಿನ ಹತ್ತಿರ. ಕುಟುಂಬ ಕ್ಯಾನ್ಸಸ್‌ನ ಬಯಲಿನಲ್ಲಿದ್ದದ್ದು 1869ರಿಂದ 1871ರವರೆಗೆ. ಅಂದರೆ ಅಲ್ಲಿ ಅವರು ಕಂಡದ್ದು ಎರಡೇ ಕ್ರಿಸ್‌ಮಸ್. ಮೊದಲನೆಯದರಲ್ಲಿ ಲಾರಾಳಿಗೆ ಮೂರು ವರ್ಷ ತುಂಬಿರಲಿಲ್ಲ, ಎರಡನೆಯದರಲ್ಲಿ ನಾಲ್ಕು ತುಂಬಿರಲಿಲ್ಲ. ಪುಸ್ತಕದ ಲಾರಾ ಇದಕ್ಕಿಂತ ದೊಡ್ಡವಳು. ಪುಸ್ತಕದಲ್ಲಿ ಮಗು ಕ್ಯಾರಿ ವಿಸ್ಕಾನ್ಸಿನ್‌ನಿಂದಲೇ ಗಾಡಿಯಲ್ಲಿ ಬರುತ್ತಾಳೆ. ವಾಸ್ತವದಲ್ಲಿ ಅವಳು ಹುಟ್ಟಿದ್ದು 1870ರ ಆಗಸ್ಟ್‌ನಲ್ಲಿ, ಕ್ಯಾನ್ಸಸ್‌ನ ಆ ಗುಡಿಸಲಿನಲ್ಲೇ.

ಮೂರು ವರ್ಷದ ಮಗು ಒಂಬತ್ತು ಗೆಣಸನ್ನು ಎಣಿಸಿ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾದರೆ ಈ ನೆನಪು ಎಲ್ಲಿಂದ ಬಂತು? ಉತ್ತರ ಕಷ್ಟವೇನಲ್ಲ. ಚಾರ್ಲ್ಸ್ ಇಂಗಲ್ಸ್ ಕಥೆ ಹೇಳುವುದರಲ್ಲಿ ನಿಪುಣ. ರಾತ್ರಿ ಪಿಟೀಲು ಕೆಳಗಿಟ್ಟ ಮೇಲೆ ಮಕ್ಕಳಿಗೆ ಹಳೆಯ ಸಂಗತಿಗಳನ್ನು ಹೇಳುವುದು ಅವರ ಮನೆಯ ಪದ್ಧತಿ. ಹೊಳೆ ಈಜಿ ಬಂದ ನೆರೆಯವನ ಸಂಗತಿ ಆ ಮನೆಯಲ್ಲಿ ಎಷ್ಟು ಸಲ ಹೊರಬಂದಿರಬಹುದು! ಪ್ರತಿ ಡಿಸೆಂಬರ್‌ನಲ್ಲೂ ಬಂದಿದ್ದರೆ ಆಶ್ಚರ್ಯವಿಲ್ಲ. ಅಪ್ಪ ಹೇಳಿದ್ದು, ಅಮ್ಮ ತಿದ್ದಿದ್ದು, ಅಕ್ಕ ಸೇರಿಸಿದ್ದು, ಎಲ್ಲ ಬೆರೆತು ಲಾರಾಳ ‘ನೆನಪು’ ಆಯಿತು. ಇದನ್ನು ಸುಳ್ಳು ಎನ್ನುವುದು ಸರಿಯಲ್ಲ. ಎಲ್ಲರ ಬಾಲ್ಯದ ಮೊದಲ ನೆನಪುಗಳೂ ಹೀಗೆಯೇ ಮನೆಯವರ ಬಾಯಿಂದ ಬಂದು ಕಣ್ಣಿಗೆ ಅಂಟಿಕೊಂಡವು.

1930ರಲ್ಲಿ ಲಾರಾ ತಮ್ಮ ಬಾಳಿನ ಕಥೆಯನ್ನು ‘ಪಯೊನಿಯರ್ ಗರ್ಲ್’ ಎಂಬ ಹೆಸರಿನಲ್ಲಿ ದೊಡ್ಡವರಿಗಾಗಿ ಬರೆದರು. ಯಾವ ಪ್ರಕಾಶಕರೂ ಅದನ್ನು ಕೊಳ್ಳಲಿಲ್ಲ. ಅದು ವಿದ್ವತ್ ಟಿಪ್ಪಣಿಗಳೊಂದಿಗೆ ಅಚ್ಚಾದದ್ದು 2014ರಲ್ಲಿ. ಹೊಳೆ ಈಜಿ ಬಂದ ನೆರೆಯವನ ಪ್ರಸಂಗ ಆ ಹಸ್ತಪ್ರತಿಯಲ್ಲೂ ಇದೆ, ಆದರೆ ಚಿಕ್ಕದಾಗಿ. ಅದನ್ನು ಒಂದು ಇಡೀ ಅಧ್ಯಾಯವಾಗಿ ಬೆಳೆಸಿದ್ದು ಆಮೇಲೆ, ಮಕ್ಕಳ ಪುಸ್ತಕಕ್ಕಾಗಿ. ಬೆಳೆಸುವುದರಲ್ಲಿ ಮಗಳು ರೋಸ್ ವೈಲ್ಡರ್ ಲೇನ್ ಅವರ ಪಾಲೆಷ್ಟು ಎಂಬುದು ದೊಡ್ಡ ಜಗಳ. ರೋಸ್ ಆಗಲೇ ಹೆಸರಾದ ಬರಹಗಾರ್ತಿ. ತಾಯಿಯ ಹಸ್ತಪ್ರತಿಗಳನ್ನು ತಿದ್ದಿ, ಬೆರಳಚ್ಚು ಮಾಡಿ, ಪ್ರಕಾಶಕರಿಗೆ ಕಳುಹಿಸುತ್ತಿದ್ದವರು ಅವರೇ. ಪುಸ್ತಕಗಳ ನಿಜವಾದ ಕರ್ತೃ ಮಗಳೇ ಎಂದು 1993ರಲ್ಲಿ ಒಬ್ಬ ವಿದ್ವಾಂಸರು ಗ್ರಂಥವನ್ನೇ ಬರೆದರು. ಈಗಿನ ಹೆಚ್ಚಿನ ಅಭ್ಯಾಸಿಗಳು ಅಷ್ಟು ದೂರ ಹೋಗುವುದಿಲ್ಲ. ತಾಯಿಯ ವಸ್ತು, ತಾಯಿಯ ಕಣ್ಣು, ಮಗಳ ಕತ್ತರಿ ಎಂದರೆ ಸತ್ಯಕ್ಕೆ ಹತ್ತಿರವಾದೀತು.

ಬರೆದ ಕಾಲವನ್ನೂ ಗಮನಿಸಬೇಕು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ತಾಯಿ ಮಗಳಿಬ್ಬರೂ ಹಣ ತೊಡಗಿಸಿದ್ದ ದಲ್ಲಾಳಿ ಸಂಸ್ಥೆ 1931ರಲ್ಲಿ ಮುಳುಗಿತು. ಅದರ ಮರುವರ್ಷ ಮೊದಲ ಪುಸ್ತಕ ಹೊರಬಂದಾಗ ಲಾರಾ ಅವರಿಗೆ 65 ವರ್ಷ. 1933ರ ಹೊತ್ತಿಗೆ ಆ ದೇಶದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಮಕ್ಕಳಿಗೆ ಈ ಸಲ ಹಬ್ಬಕ್ಕೆ ಏನೂ ತರಲಾಗಲಿಲ್ಲವೆಂದು ತಲೆತಗ್ಗಿಸಿದ ತಂದೆತಾಯಿಗಳು ಲಕ್ಷಗಟ್ಟಲೆ ಇದ್ದರು. ಅಂಥ ಮನೆಗಳಲ್ಲಿ 1935ರಲ್ಲಿ ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿದಾಗ ಅದು ಹಳೆಯ ಕಾಲದ ಕಥೆಯಾಗಿ ಕೇಳಿಸಿರಲಾರದು. ನೆನಪನ್ನು ಹೇಳಿದವರಿಗೂ ಕೇಳಿದವರಿಗೂ ಅದು ಬೇಕಾಗಿತ್ತು. ಇನ್ನೊಂದು ಸಂಗತಿ: ಅಪ್ಪ 1902ರಲ್ಲಿ, ಅಮ್ಮ 1924ರಲ್ಲಿ, ಅಕ್ಕ ಮೇರಿ 1928ರಲ್ಲಿ ತೀರಿಕೊಂಡಿದ್ದರು. ಕ್ಯಾನ್ಸಸ್‌ನ ಆ ಬೆಳಗನ್ನು ಕಂಡಿದ್ದು ಹೇಳಬಲ್ಲವರು ಮನೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಮಾಲೆಯ ಉಳಿದ ಪುಸ್ತಕಗಳಲ್ಲೂ ಕ್ರಿಸ್‌ಮಸ್ ಮರಳಿ ಮರಳಿ ಬರುತ್ತದೆ, ಹೆಚ್ಚುಕಡಿಮೆ ಆ ವರ್ಷದ ಜಮಾಖರ್ಚಿನ ರೂಪದಲ್ಲಿ. ವಿಸ್ಕಾನ್ಸಿನ್ ಕಾಡಿನಲ್ಲಿ ಕೆಂಪು ಕೈಚೀಲ, ಅಂದರೆ ಉಣ್ಣೆಯ ಕೈಗವಸು, ಮತ್ತೆ ಒಂದು ಪೆಪ್ಪರ್‌ಮಿಂಟ್ ಕಡ್ಡಿ. ಲಾರಾಳಿಗೆ ಮಾತ್ರ ಜೊತೆಗೊಂದು ಬಟ್ಟೆಯ ಗೊಂಬೆ. ಮಿನೆಸೋಟದ ಪ್ಲಮ್ ಕ್ರೀಕ್ ದಡದಲ್ಲಿ ಅಪ್ಪನಿಗೆ ಉಳುಮೆಗೆ ಕುದುರೆಗಳು ಬೇಕಾಗಿವೆ. ತಮಗೆ ಏನೂ ಬೇಡ, ಕುದುರೆ ಸಿಕ್ಕಲಿ ಎಂದು ಮಕ್ಕಳೇ ಬೇಡಿಕೊಳ್ಳಬೇಕಾಗುತ್ತದೆ. ಆ ಸಂದರ್ಭದಲ್ಲಿ ಲಾರಾಳ ಮನಸ್ಸಿನಲ್ಲಿ ನಡೆಯುವ ಎಳೆದಾಟವನ್ನು ಲೇಖಕಿ ಮುಚ್ಚಿಡುವುದಿಲ್ಲ. ತ್ಯಾಗ ಮಾಡಿದ ಮಗು ಒಡನೆಯೇ ಸಂತೋಷಪಟ್ಟಿತು ಎಂದು ಬರೆಯುವ ಸುಲಭದ ದಾರಿ ಅವರದ್ದಲ್ಲ. ಇನ್ನೊಂದು ವರ್ಷ ಅಪ್ಪ ಪಟ್ಟಣದಿಂದ ಬರುವಾಗ ಹಿಮದ ಬಿರುಗಾಳಿಗೆ ಸಿಕ್ಕಿ, ಮನೆಯ ಹತ್ತಿರದ ಹೊಳೆಯಂಚಿನ ಹಿಮದ ಗುಂಡಿಯಲ್ಲಿ ಮೂರು ದಿನ ಹೂತು ಕೂತು, ಮಕ್ಕಳಿಗೆಂದು ತಂದಿದ್ದ ಹಬ್ಬದ ಮಿಠಾಯಿ ತಿಂದು ಜೀವ ಉಳಿಸಿಕೊಳ್ಳುತ್ತಾನೆ. ಉಳಿದದ್ದು ಸಿಂಪಿಮಾಂಸದ ಒಂದು ಡಬ್ಬಿ. ಹಬ್ಬದ ಅಡುಗೆ ಅದೇ.

1880-81ರ ಚಳಿಗಾಲದ ಕಥೆ ಎಲ್ಲಕ್ಕಿಂತ ಕಠಿಣ. ದಕೋಟದ ಡಿ ಸ್ಮೆಟ್ ಎಂಬ ಹೊಸ ಊರಿಗೆ ರೈಲೊಂದೇ ಆಧಾರ. ಅಕ್ಟೋಬರ್‌ನಲ್ಲಿ ಶುರುವಾದ ಬಿರುಗಾಳಿಗಳು ಹಳಿಗಳನ್ನು ಹೂತುಹಾಕಿ ಜನವರಿಯಿಂದ ಮೇ ತಿಂಗಳವರೆಗೆ ರೈಲು ಬರಲಿಲ್ಲ. ಕಲ್ಲಿದ್ದಲು ಮುಗಿದು ಒಣಹುಲ್ಲನ್ನು ಹುರಿಮಾಡಿ ಉರಿಸಿದರು. ಹಿಟ್ಟು ಮುಗಿದು ಬಿತ್ತನೆಯ ಗೋಧಿಯನ್ನು ಕಾಫಿಬೀಜ ಪುಡಿಮಾಡುವ ಕೈಗಿರಣಿಯಲ್ಲಿ ಹಾಕಿ ದಿನವಿಡೀ ಸರದಿಯ ಮೇಲೆ ತಿರುವಿದರು. ಹಬ್ಬಕ್ಕೆಂದು ಪೂರ್ವದ ಸ್ನೇಹಿತರು ಕಳುಹಿಸಿದ್ದ ಪೀಪಾಯಿ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತು. ಅದು ಬಂದದ್ದು ಮೇ ತಿಂಗಳಲ್ಲಿ; ಒಳಗಿದ್ದ ಟರ್ಕಿ ಕೋಳಿ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಆ ಮನೆಯವರು ಮೇ ತಿಂಗಳಲ್ಲಿ ಕ್ರಿಸ್‌ಮಸ್ ಊಟ ಮಾಡಿದರು. ಈ ಪುಸ್ತಕ, ‘ದಿ ಲಾಂಗ್ ವಿಂಟರ್’, ಯುದ್ಧದಲ್ಲಿ ಸೋತು ಹಸಿದಿದ್ದ ಜಪಾನಿನಲ್ಲಿ 1949ರಲ್ಲಿ ಅನುವಾದವಾಯಿತು. ಅಮೆರಿಕದ ಆಡಳಿತಾಧಿಕಾರಿಗಳೇ ಅದಕ್ಕೆ ಪ್ರೋತ್ಸಾಹ ಕೊಟ್ಟದ್ದು ಯಾಕೆಂದು ಊಹಿಸುವುದು ಕಷ್ಟವಲ್ಲ.

ಪೀಪಾಯಿಗಳ ಮಾತು ಬಂತು. ಪೂರ್ವ ಭಾಗದ ಸ್ಥಿತಿವಂತ ಚರ್ಚುಗಳು ಪಶ್ಚಿಮದ ಹೊಸ ವಸಾಹತುಗಳಿಗೆ ಬಟ್ಟೆಬರೆ, ಆಟಿಕೆಗಳನ್ನು ಪೀಪಾಯಿಗಳಲ್ಲಿ ತುಂಬಿ ಕಳುಹಿಸುವ ರೂಢಿ ಆಗ ವ್ಯಾಪಕವಾಗಿತ್ತು. ಮಿನೆಸೋಟದ ವಾಲ್ನಟ್ ಗ್ರೋವ್ ಚರ್ಚಿನ ಮರದಿಂದ ಲಾರಾಳಿಗೆ ಸಿಕ್ಕಿದ ತುಪ್ಪಳದ ಮೇಲುಡುಪು ಅಂಥದ್ದೇ. ಅವಳು ಕ್ರಿಸ್‌ಮಸ್ ಮರವನ್ನು ಮೊದಲ ಬಾರಿ ಕಂಡದ್ದೂ ಅಲ್ಲೇ. ಈ ದಾನವನ್ನು ಪುಸ್ತಕ ಸಂತೋಷದಿಂದ ಹೇಳುತ್ತದೆ. ಆದರೆ ಹೇಳದೆ ಬಿಟ್ಟ ದಾನವೂ ಒಂದಿದೆ. 1873ರಿಂದ 1877ರವರೆಗೆ ಮಿಡತೆಗಳ ದಂಡು ಮಿನೆಸೋಟದ ಬೆಳೆಯನ್ನು ಮತ್ತೆ ಮತ್ತೆ ಬೋಳಿಸಿತು. ಸರ್ಕಾರದಿಂದ ಹಿಟ್ಟು ಪಡೆಯಬೇಕಾದರೆ, ತನ್ನಲ್ಲಿ ಏನೂ ಇಲ್ಲ, ತಾನು ಗತಿಗೆಟ್ಟವನು ಎಂದು ರೈತ ಬರೆದುಕೊಡಬೇಕಾಗಿತ್ತು. ಚಾರ್ಲ್ಸ್ ಇಂಗಲ್ಸ್ ಕೂಡ 1875ರಲ್ಲಿ ಅಂಥ ಕಾಗದಕ್ಕೆ ರುಜು ಹಾಕಿದರು. ಯಾರ ಹಂಗಿಗೂ ಬೀಳದ ಪುಸ್ತಕದ ‘ಪಾ’ಗೆ ಆ ಕಾಗದ ಹೊಂದುವುದಿಲ್ಲ; ಹಾಗಾಗಿ ಅದು ಪುಸ್ತಕದಲ್ಲಿಲ್ಲ. 1875ರಲ್ಲಿ ಹುಟ್ಟಿ ಒಂಬತ್ತೇ ತಿಂಗಳಲ್ಲಿ ತೀರಿಕೊಂಡ ತಮ್ಮನೂ ಇಲ್ಲ. ಅಯೋವ ರಾಜ್ಯದ ಬರ್ ಓಕ್ ಊರಿನ ಹೋಟೆಲೊಂದರಲ್ಲಿ ಇಡೀ ಸಂಸಾರ ದುಡಿದದ್ದು, ಕೊನೆಗೆ ಸಾಲಕ್ಕೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟದ್ದು ‘ಪಯೊನಿಯರ್ ಗರ್ಲ್’ನಲ್ಲಿದೆ, ಮಕ್ಕಳ ಮಾಲೆಯಲ್ಲಿ ಆ ಎರಡು ವರ್ಷಗಳೇ ಮಾಯ. ನೆನಪಿಟ್ಟುಕೊಂಡ ಕ್ರಿಸ್‌ಮಸ್ಸುಗಳ ಜೊತೆಗೆ ನೆನೆಯಬಾರದೆಂದು ನಿರ್ಧರಿಸಿದ ಕ್ರಿಸ್‌ಮಸ್ಸುಗಳೂ ಇದ್ದವು.

ಆದರೆ ಇವೆಲ್ಲ ಒಂದು ಕುಟುಂಬದ ಮಾನಾಭಿಮಾನದ ಪ್ರಶ್ನೆಗಳು. ಕ್ಯಾನ್ಸಸ್‌ನ ಗುಡಿಸಲಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಆ ಗುಡಿಸಲು ಇದ್ದದ್ದು ಯಾರ ನೆಲದಲ್ಲಿ?

ಅದು ಓಸೇಜ್ ಎಂಬ ಮೂಲನಿವಾಸಿ ಜನರಿಗೆ ಒಪ್ಪಂದದ ಮೂಲಕ ಮೀಸಲಾಗಿದ್ದ ಪ್ರದೇಶ. ಅಲ್ಲಿ ಮನೆ ಕಟ್ಟಿದ ಬಿಳಿಯರ ಬಳಿ ಹಕ್ಕುಪತ್ರ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದು ಶುದ್ಧ ಒತ್ತುವರಿ. ಸರ್ಕಾರ ಇಂದಲ್ಲ ನಾಳೆ ಓಸೇಜರನ್ನು ಎಬ್ಬಿಸುತ್ತದೆ, ಮೊದಲು ಬೇರೂರಿದವನಿಗೆ ಭೂಮಿ ಸಿಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಸಾವಿರಾರು ಜನ ನುಗ್ಗಿದ್ದರು. ಓಸೇಜರು ಚಳಿಗಾಲದ ಕಾಡೆಮ್ಮೆ ಬೇಟೆಗೆ ಪಶ್ಚಿಮಕ್ಕೆ ಹೋದಾಗ ಅವರ ಕುದುರೆಗಳನ್ನು ಕದಿಯುವುದು, ದಾಸ್ತಾನನ್ನು ಸೂರೆಮಾಡುವುದು ನಡೆಯುತ್ತಿತ್ತೆಂದು ಸರ್ಕಾರದ ಪ್ರತಿನಿಧಿಯೇ ವರದಿ ಮಾಡಿದ್ದ. ಇಂಗಲ್ಸ್ ಅಂಥದ್ದರಲ್ಲಿ ಸೇರಿದ್ದರೆಂದು ಯಾರೂ ಹೇಳಿಲ್ಲ. ಅವರೂ ಆ ನೆರೆಯ ಒಂದು ಅಲೆ, ಅಷ್ಟೇ. 1870ರ ಜುಲೈನಲ್ಲಿ ಸಂಸತ್ತು ಓಸೇಜರನ್ನು ಸ್ಥಳಾಂತರಿಸುವ ಕಾನೂನು ಮಾಡಿತು. ಅವರ ಭೂಮಿಯನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಮಾರಬೇಕೆಂದಾಯಿತು. ಸೆಪ್ಟೆಂಬರ್‌ನಲ್ಲಿ ಓಸೇಜ್ ನಾಯಕರು ಬೇರೆ ದಾರಿಯಿಲ್ಲದೆ ಒಪ್ಪಿದರು. ಅವರು ಹೋಗಿ ಸೇರಿದ್ದು ದಕ್ಷಿಣದ ಇಂಡಿಯನ್ ಟೆರಿಟರಿಗೆ, ಇಂದಿನ ಓಕ್ಲಹೋಮಕ್ಕೆ. 1870ರ ಆಗಸ್ಟ್‌ನ ಜನಗಣತಿಯಲ್ಲಿ ಇಂಗಲ್ಸ್ ಕುಟುಂಬದ ಹೆಸರಿದೆ, ಭೂಮಿಯ ಬೆಲೆಯ ಕಲಮಿನಲ್ಲಿ ಏನೂ ಇಲ್ಲ.

ಪುಸ್ತಕದಲ್ಲಿ ಈ ಸಂಕಟದ ಸುಳಿವು ಇಲ್ಲದಿಲ್ಲ. ಇಂಡಿಯನ್ನರು ಯಾಕೆ ಹೋಗಬೇಕು, ಇದು ಅವರದೇ ನಾಡಲ್ಲವೇ ಎಂಬರ್ಥದ ಪ್ರಶ್ನೆಯನ್ನು ಪುಟ್ಟ ಲಾರಾ ಕೇಳುತ್ತಾಳೆ. ಅವಳನ್ನು ಸುಮ್ಮನಿರಿಸಿ ಮಲಗಲು ಹೇಳುತ್ತಾರೆ. ಅಷ್ಟನ್ನು ಬರೆದ ಲೇಖಕಿಯೇ ಮೊದಲ ಅಧ್ಯಾಯದಲ್ಲಿ, ಆ ಸೀಮೆಯಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬಂತೆ ಬರೆದಿದ್ದರು. ಹದಿನೇಳು ವರ್ಷ ಈ ವಾಕ್ಯ ಯಾರ ಕಣ್ಣಿಗೂ ಚುಚ್ಚದೆ ಅಚ್ಚಾಗುತ್ತ ಹೋಯಿತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಬರೆದು ಆಕ್ಷೇಪಿಸಿದರು. ಲಾರಾ ಅವರಿಗೆ ಆಗ 85 ವರ್ಷ. ಅವರು ತಪ್ಪೊಪ್ಪಿಕೊಂಡು ತಿದ್ದಲು ಹೇಳಿದರು; 1953ರ ಆವೃತ್ತಿಯಿಂದ ‘ಜನ’ ಎಂಬ ಕಡೆ ‘ವಲಸೆಗಾರರು’ ಎಂದಾಯಿತು. ಅದರ ಮರುವರ್ಷ, 1954ರಲ್ಲಿ, ಅಮೆರಿಕದ ಗ್ರಂಥಾಲಯ ಸಂಘ ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯದ ಪದಕ ಸ್ಥಾಪಿಸಿ ಮೊದಲನೆಯದನ್ನು ಅವರಿಗೇ ಕೊಟ್ಟಿತು. 2018ರಲ್ಲಿ ಆ ಸಂಘದ ಮಕ್ಕಳ ವಿಭಾಗ, ಮೂಲನಿವಾಸಿಗಳನ್ನೂ ಕರಿಯರನ್ನೂ ಪುಸ್ತಕಗಳು ಚಿತ್ರಿಸಿದ ರೀತಿಯನ್ನು ಪರಿಗಣಿಸಿ, ಪದಕದಿಂದ ಅವರ ಹೆಸರನ್ನು ತೆಗೆಯಿತು.

ಈ ನಿರ್ಧಾರದಿಂದ ನೊಂದುಕೊಂಡವರು ಹೆಚ್ಚಾಗಿ ನೆನೆದದ್ದು ಇದೇ ಕ್ರಿಸ್‌ಮಸ್ ಅಧ್ಯಾಯವನ್ನು. ಹೊಳೆ ಈಜಿದ ನೆರೆಯವನಲ್ಲಿ ಏನು ತಪ್ಪಿದೆ ಎಂಬುದು ಅವರ ಪ್ರಶ್ನೆ. ತಪ್ಪೇನೂ ಇಲ್ಲ. ಆದರೆ ಆ ಹೊಳೆಯ ದಡದಲ್ಲಿ ಬೇರೆ ತಾಯಂದಿರೂ ಇದ್ದರು, ಅವರ ಮಕ್ಕಳಿಗೆ ಆ ಚಳಿಗಾಲ ಏನು ತಂದಿತು ಎಂದು ಕೇಳುವ ಓಸೇಜ್ ಓದುಗರದ್ದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಒಂದನ್ನು ಎತ್ತಿಹಿಡಿಯಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕುವುದಕ್ಕಿಂತ, ಮಕ್ಕಳಿಗೆ ಓದಿ ಹೇಳುವಾಗ ನಕ್ಷೆಯನ್ನೂ ಪಕ್ಕದಲ್ಲಿ ಬಿಡಿಸಿಡುವುದು ಮೇಲು.

ಕಾಲುಚೀಲದ ತುದಿಯಲ್ಲಿದ್ದ ಆ ಪೆನ್ನಿಯನ್ನೇ ನೋಡಿ. ಲೇಖಕಿ ಅದರ ಹೊಳಪನ್ನು ಹೇಳುತ್ತಾರೆ, ಅದರ ಮೇಲಿನ ಚಿತ್ರವನ್ನು ಹೇಳುವುದಿಲ್ಲ. ಅಮೆರಿಕದ ಟಂಕಸಾಲೆ 1859ರಿಂದ 1909ರವರೆಗೆ ಹೊರಡಿಸಿದ ಒಂದು ಸೆಂಟಿನ ನಾಣ್ಯಕ್ಕೆ ‘ಇಂಡಿಯನ್ ಹೆಡ್’ ಎಂದೇ ಹೆಸರು. ಸ್ವಾತಂತ್ರ್ಯದೇವಿಯ ಮುಖ, ತಲೆಯ ಮೇಲೆ ಮೂಲನಿವಾಸಿಗಳ ಗರಿಯ ಕಿರೀಟ. 1870ರ ಸುಮಾರಿಗೆ ಹೊಸದಾದ ಪೆನ್ನಿ ಎಂದರೆ ಅದು ಇದೇ. ಹಾಗಿದ್ದ ಮೇಲೆ ಓಸೇಜರ ನೆಲದಲ್ಲಿ ಕೂತ ಮಗುವಿನ ಅಂಗೈಗೆ, ಆ ಬೆಳಗಿನ ಅತ್ಯಂತ ದೊಡ್ಡ ಅಚ್ಚರಿಯಾಗಿ ಬಂದದ್ದು ಗರಿಕಿರೀಟ ತೊಟ್ಟ ಒಂದು ತಾಮ್ರದ ಮುಖ. ಕ್ರಿಸ್‌ಮಸ್ಸನ್ನು ರಾಜಧಾನಿಯ ಸರ್ಕಾರಿ ನೌಕರರಿಗೆ ರಜಾದಿನವೆಂದು ಸಂಸತ್ತು ಘೋಷಿಸಿದ್ದೂ 1870ರಲ್ಲೇ, ಓಸೇಜರ ಕಾನೂನಿಗೆ ಕೆಲವೇ ವಾರಗಳ ಮೊದಲು.

ಇಂಗಲ್ಸ್ ಕುಟುಂಬ 1871ರ ವಸಂತದಲ್ಲಿ ಕ್ಯಾನ್ಸಸ್ ಬಿಟ್ಟಿತು. ಒತ್ತುವರಿದಾರರನ್ನು ಹೊರಹಾಕಲು ಸೈನಿಕರು ಬರುತ್ತಾರೆಂಬ ಸುದ್ದಿ ಕಾರಣವೆಂದು ಪುಸ್ತಕ ಹೇಳುತ್ತದೆ. ವಿಸ್ಕಾನ್ಸಿನ್‌ನ ಜಮೀನನ್ನು ಕೊಂಡವನು ಕಂತು ಕಟ್ಟಲಾರದೆ ಕೈಬಿಟ್ಟದ್ದರಿಂದ ಅವರು ಅಲ್ಲಿಗೇ ಮರಳಬೇಕಾಯಿತು ಎಂಬುದು ಜೀವನಚರಿತ್ರಕಾರರು ಕೊಡುವ ಇನ್ನೊಂದು ಕಾರಣ. ತೋಡಿದ ಬಾವಿ, ಕಟ್ಟಿದ ಮನೆ, ಉತ್ತ ಹೊಲ ಎಲ್ಲ ಅಲ್ಲೇ ಉಳಿದವು.

ಪುಸ್ತಕ ಬರೆಯುವ ಸಿದ್ಧತೆಯಲ್ಲಿ ಲಾರಾ ಮತ್ತು ರೋಸ್ ಆ ಜಾಗವನ್ನು ಹುಡುಕಲು ಕಾರಿನಲ್ಲಿ ಹೊರಟರು. ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ ಎಂಬುದು ಲಾರಾ ಅವರಿಗಿದ್ದ ತಿಳಿವಳಿಕೆ. ಎಡ್ವರ್ಡ್ಸ್ ಪೆಪ್ಪರ್‌ಮಿಂಟ್ ಹೊತ್ತು ನಡೆದದ್ದೂ ಅಷ್ಟೇ ದೂರ ಎಂದು ಪುಸ್ತಕದಲ್ಲಿದೆ. ನಲವತ್ತು ಮೈಲಿ ಅಳೆದು ಅವರು ಓಕ್ಲಹೋಮದಲ್ಲಿ ಹುಡುಕಿದರು, ಸಿಕ್ಕಲಿಲ್ಲ. ಲಾರಾ 1957ರಲ್ಲಿ ತೀರಿಕೊಂಡರು. ಆಮೇಲೆ ಜನಗಣತಿಯ ಹಾಳೆಗಳ ಜಾಡು ಹಿಡಿದವರು ಗುರುತಿಸಿದ ಜಾಗ ಕ್ಯಾನ್ಸಸ್‌ನಲ್ಲೇ ಇದೆ. ಕೈಯಲ್ಲಿ ತೋಡಿದ ಒಂದು ಹಳೆಯ ಬಾವಿ ಅಲ್ಲಿದೆ, ಪಕ್ಕದಲ್ಲಿ ಈಚೆಗೆ ಕಟ್ಟಿದ ಮಾದರಿ ಗುಡಿಸಲು. ಇಂಡಿಪೆಂಡೆನ್ಸ್‌ನಿಂದ ಅಲ್ಲಿಗೆ ಸುಮಾರು ಹದಿಮೂರು ಮೈಲಿ.